ಹೊಟ್ಟೆನೋವಿನ ಮಾಸ್ಟ್ರು

ಒಳ್ಳೆಯ ಮನುಷ್ಯ ಎಂದು ಹೆಸರು ಗಳಿಸುವುದು ಬಹಳ ಸುಲಭ. ಯಾರು ಏನು ಮಾಡಿ ತೋರಿಸಿದರೂ "ಚೆನ್ನಾಗಿದೆ" ಎಂದುಬಿಡಬೇಕು. ಮದುವೆ ಊಟದ ಸಾರಿಗೆ ಉಪ್ಪಿಲ್ಲದಿದ್ದರೂ ಚೆನ್ನಾಗಿದೆ, ನೆಂಟರ ಮಗುವಿನ ಹಾಡು ಶ್ರುತಿ ಬಿಟ್ಟು ಇನ್ನೆಲ್ಲಿಗೋ ಹೋದರೂ ಚೆನ್ನಾಗಿದೆ. ಈ ಒಂದೇ ಮಾತಿನ ಬಂಡವಾಳದಲ್ಲಿ ನಾನು ಎಪ್ಪತ್ತು ದಾಟಿದೆ. ಅದೇ ಮಾತಿನಿಂದ ಒಬ್ಬ ಹುಡುಗಿಯ ಅನ್ನಕ್ಕೆ ಕಲ್ಲು ಹಾಕುವುದರಲ್ಲಿದ್ದೆ ಎಂಬುದನ್ನು ಈಗ ಒಪ್ಪಿಕೊಳ್ಳಬೇಕಾಗಿದೆ.

ನಾನು ಓದಿದ್ದು ಎಸ್ಸೆಸ್ಸೆಲ್ಸಿ, ಮಾಡಿದ್ದು ಕಾರ್ಕಳ–ಉಡುಪಿ ಬಸ್ಸಿನಲ್ಲಿ ಕಂಡಕ್ಟರ್ ಕೆಲಸ. ಅದನ್ನು ಬಿಟ್ಟ ಮೇಲೆ ಇನ್ನಂಜೆಯ ಮನೆಯಲ್ಲಿ ಹೆಂಡತಿ ಸುಮತಿಯ ಕಾಲಿಗೆ ಕೈಗೆ ಅಡ್ಡ ಬರುತ್ತಿದ್ದವನಿಗೆ ಮಣಿಪಾಲದಲ್ಲಿ ಒಂದು ವಿಚಿತ್ರ ಕೆಲಸ ಸಿಕ್ಕಿತು. ರೋಗಿಗಳನ್ನು ಅವರವರ ಮನೆಯಲ್ಲೇ ನೋಡಿಕೊಳ್ಳುವುದು ಹೇಗೆಂದು ಹುಡುಗ ಹುಡುಗಿಯರಿಗೆ ಕಲಿಸುವ ಒಂದು ತರಬೇತಿ ಕೇಂದ್ರ ಅದು. ಅಭ್ಯಾಸಕ್ಕೆ ಅವರಿಗೆ ರೋಗಿ ಬೇಕು. ನಿಜವಾದ ರೋಗಿ ಇದಕ್ಕೆಲ್ಲ ಸುಮ್ಮನಿರುತ್ತಾನೆಯೇ? ಹಾಗಾಗಿ ಸುಳ್ಳು ರೋಗಿಯಾಗಿ ನಾನು. ಮಂಚದ ಮೇಲೆ ಮಲಗಿ, ಅವರು ಹೇಳಿಕೊಟ್ಟ ಕಾಯಿಲೆಗೆ ನರಳಬೇಕು. "ನೀವು ಬರೀ ಮಲಗ್ಲಿಕ್ಕೆ ಬಂದವರಲ್ಲ" ಎಂದಿದ್ದರು ಅಲ್ಲಿನ ಲವೀನಾ ಟೀಚರ್. "ಮಕ್ಕಳು ಮುಟ್ಟಿದ್ದು, ಮಾತಾಡಿಸಿದ್ದು ನಿಮಗೆ ಹೇಗಾಯ್ತು ಅಂತ ಕೊನೆಗೆ ಅವರಿಗೇ ಹೇಳ್ಬೇಕು. ಅದೂ ಒಂದು ಪಾಠ." ಪಾಠ ಎಂಬ ಶಬ್ದ ಕಿವಿಗೆ ಬಿದ್ದದ್ದೇ ತಡ, ನಾನು ಮಣಿಪಾಲದಲ್ಲಿ ಮಾಸ್ಟ್ರು ಎಂದು ಊರಿಡೀ ಹೇಳಿಕೊಂಡು ತಿರುಗಿದೆ. "ಎಂತ ಸಬ್ಜೆಕ್ಟ್?" ಎಂದು ಅಂಗಡಿಯವ ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ಪಕ್ಕದಲ್ಲಿದ್ದ ಸುಮತಿ, "ಹೊಟ್ಟೆನೋವು" ಎಂದಳು.

ಆ ಪಾಠವನ್ನು ನಾನು ಮಾಡಿದ ರೀತಿ ಹೀಗೆ. ಒಬ್ಬ ಹುಡುಗ ನನ್ನನ್ನು ಮಂಚದಿಂದ ಕುರ್ಚಿಗೆ ಅಕ್ಕಿ ಮುಡಿ ಇಳಿಸಿದಂತೆ ಇಳಿಸಿದ. ಸೊಂಟ ಕಟಕ್ಕೆಂದಿತು. "ಚೆನ್ನಾಗಿ ಮಾಡಿದೆ ಮಗಾ" ಎಂದೆ. ಕಾಪುವಿನಿಂದ ಕಲಿಯಲು ಬರುತ್ತಿದ್ದ ಸಫಿಯಾಳ ವಿಷಯದಲ್ಲಿಯೂ ಅಷ್ಟೆ. ಶಿರ್ವದ ಒಂದು ಮನೆಯಲ್ಲಿ, ಹಾಸಿಗೆ ಹಿಡಿದ ಅಜ್ಜಿಯೊಬ್ಬರನ್ನು ನೋಡಿಕೊಳ್ಳುವ ಕೆಲಸ ಅವಳಿಗೆ ನಿಶ್ಚಯವಾಗಿತ್ತು. ಸರ್ಟಿಫಿಕೇಟ್ ಒಂದು ಕೈಗೆ ಬರಬೇಕಿತ್ತು. ಅಪ್ಪ ಕೆಲಸ ಬಿಟ್ಟು ಮನೆಯಲ್ಲಿದ್ದುದರಿಂದ ಸಂಸಾರ ಅವಳ ಮೇಲೇ ನಿಂತಿತ್ತು. ಬಿ.ಪಿ. ನೋಡುವುದರಲ್ಲಿ, ಮಗ್ಗುಲು ಬದಲಿಸುವುದರಲ್ಲಿ ಅವಳ ಕೈ ಬಹಳ ಹಗುರ. ಆದರೆ ಪ್ರಶ್ನೆ ಕೇಳಲು ಹೊರಟರೆ "ನೋವು ಎಲ್ಲಿ, ಯಾವಾಗಿಂದ, ಊಟ ಸೇರ್ತದಾ, ನಿದ್ದೆ ಬರ್ತದಾ" ಎಂದು ಒಂದೇ ಉಸಿರು. ನಾನು ಮೊದಲ ನರಳಾಟಕ್ಕೆ ತಯಾರಾಗುವಾಗ ಅವಳು ಮಾತು ಮುಗಿಸಿ ಕೈ ತೊಳೆಯಲು ಹೋಗಿರುತ್ತಿದ್ದಳು. ಮತ್ತೆ ಬಂದು, "ಹೇಗಾಯ್ತು ಅಜ್ಜ?" ಎಂದು ಕಣ್ಣರಳಿಸಿ ನಿಂತರೆ ನನ್ನ ನಾಲಿಗೆ ತಾನಾಗಿಯೇ "ಚೆನ್ನಾಗಿತ್ತು ಮಗಳೇ" ಎನ್ನುತ್ತಿತ್ತು.

ಅವಳು ಪರೀಕ್ಷೆಯಲ್ಲಿ ಫೇಲಾದಳು. ರೋಗಿಯ ಮಾತು ಕೇಳಿಸಿಕೊಳ್ಳುವುದಿಲ್ಲ ಎಂಬುದೊಂದೇ ಕಾರಣ. ನಾನು ಕೇಂದ್ರದ ಜಗಲಿಯಲ್ಲಿ ಚಾ ಕುಡಿಯುತ್ತಿದ್ದಾಗ ಬಂದು ಎದುರಿಗೆ ನಿಂತಳು.

"ಅಜ್ಜ, ಇದು ನಿಮಗೆ ಮೊದಲೇ ಗೊತ್ತಿತ್ತಾ?"

"ಗೊತ್ತಿತ್ತು."

"ಮತ್ತೆ ಯಾಕೆ ಹೇಳ್ಲಿಲ್ಲ?"

"ನಿನಗೆ ಬೇಸರ ಆದೀತು ಅಂತ."

"ಈಗ ಎಂತ, ಖುಷಿ ಆಯ್ತಾ ನನಗೆ?"

ಲೋಟ ಕೆಳಗಿಟ್ಟೆ. ಅವಳ ಬೇಸರಕ್ಕೆ ಹೆದರಿದೆ ಎಂದದ್ದೂ ಪೂರ್ತಿ ನಿಜವಲ್ಲ. ಮಕ್ಕಳಿಗೆಲ್ಲ ಇಷ್ಟದ ಅಜ್ಜ ಎಂಬ ನನ್ನ ಹೆಸರು ಹೋದೀತೆಂದು ಹೆದರಿದ್ದೆ.

ಲವೀನಾ ಟೀಚರ್ ಅವಳಿಗೆ ಇನ್ನೊಂದು ಅವಕಾಶ ಕೊಡಿಸಿದರು. ಅಲ್ಲಿಯವರೆಗೆ ಕ್ಲಾಸು ಬಿಟ್ಟ ಮೇಲೆ ನಾನು ಮಲಗಿ ಪಾಠ ಮಾಡಿದೆ, ಈ ಸಲ ನಿಜವಾದ ಪಾಠ. "ನೀನು ಕೇಳುವುದು ನಾನು ರಶ್ಶಿನಲ್ಲಿ ಟಿಕೆಟ್ ಕೇಳಿದ ಹಾಗೆ ಉಂಟು. ಒಂದು ಪ್ರಶ್ನೆ ಕೇಳು, ಬಾಯಿ ಮುಚ್ಚು, ನನ್ನ ಮುಖ ನೋಡು" ಎಂದೆ.

"ಎಷ್ಟು ಹೊತ್ತು?"

"ನಾನು ಹೇಳುವವರೆಗೆ."

"ನೀವು ಹೇಳದಿದ್ರೆ?"

"ಇನ್ನೂ ಸ್ವಲ್ಪ ಹೊತ್ತು."

"ನಿಮಗೆ ಹೊಟ್ಟೆನೋವೇ ಇಲ್ಲ. ನಾನು ಎಂತಕ್ಕೆ ಕಾಯುವುದು ಮಾರಾಯ್ರೆ!" ಎಂದು ನಕ್ಕುಬಿಟ್ಟಳು. ನಕ್ಕ ಮೇಲೆ ಕಾದಳು.

ಪರೀಕ್ಷೆಯ ದಿನ ಹೊರಗಿನಿಂದ ಬಂದ ಮೇಡಂ ಒಬ್ಬರು ಕುರ್ಚಿ ಎಳೆದುಕೊಂಡು ಕುಳಿತರು. ನಾನು ಹೊಟ್ಟೆ ಹಿಡಿದುಕೊಂಡೆ. ಸಫಿಯಾ ಮಂಚದ ಹತ್ತಿರ ಬಗ್ಗಿ ಒಂದೊಂದಾಗಿ ಕೇಳಿದಳು, ನಾನು ಒಂದೊಂದಾಗಿ ಹೇಳಿದೆ. ಕೊನೆಗೆ, "ಬೇರೆ ಎಂತಾದ್ರೂ ಉಂಟಾ ಅಜ್ಜ?" ಎಂದಳು. ಇಲ್ಲ ಎನ್ನುವುದು ನಮ್ಮೊಳಗಿನ ಒಪ್ಪಂದ. ಆದರೆ ಅವಳು ನನ್ನ ಮುಖವನ್ನೇ ನೋಡುತ್ತಾ ನಿಂತಿದ್ದಳು. ಇಷ್ಟು ಹೊತ್ತು ಯಾರೂ ನನಗಾಗಿ ಹೀಗೆ ಕಾದದ್ದು ನೆನಪಿಲ್ಲ. ಆ ಮೌನದೊಳಗೆ ನನ್ನ ಬಾಯಿಯಿಂದ, "ಸಂಜೆಯಾದರೆ ಎಡಗಣ್ಣು ಕಾಣುವುದಿಲ್ಲ ಮಗಳೇ. ಮೆಟ್ಟಿಲು ಇಳಿಯಲು ಹೆದರಿಕೆಯಾಗುತ್ತದೆ" ಎಂಬ ಮಾತು ಹೊರಬಿತ್ತು.

ಮೇಡಂ ಗಡಿಬಿಡಿಯಿಂದ ನನ್ನ ಕಾಯಿಲೆ ಬರೆದಿದ್ದ ಕಾಗದ ತಿರುವಿದರು. ಅದರಲ್ಲಿ ಕಣ್ಣೇ ಇರಲಿಲ್ಲ. ಎರಡನೇ ಸಲವೂ ಹುಡುಗಿಯನ್ನು ಮುಳುಗಿಸಿದೆನಲ್ಲ ಎಂದು ನನಗೆ ನಿಜವಾಗಿಯೇ ಹೊಟ್ಟೆ ಹಿಂಡಿತು. ಸಫಿಯಾ ಮಾತ್ರ ಅಲುಗಲಿಲ್ಲ. ನನ್ನ ಕೈ ಹಿಡಿದು, "ಮನೆಯಲ್ಲಿ ಹೇಳಿದ್ದೀರಾ?" ಎಂದು ಕೇಳಿದಳು. ಇಲ್ಲ ಎಂದೆ. "ಹೆದರ್ಬೇಡಿ, ನಾನು ನರ್ಸಮ್ಮನಿಗೆ ಹೇಳ್ತೇನೆ" ಎಂದಳು.

ಪಾಸಾದಳು. ಕಾಗದದಲ್ಲಿಲ್ಲದ್ದನ್ನೂ ಕೇಳಿಸಿಕೊಂಡಳು ಎಂದು ಆ ಮೇಡಂ ಹೊಗಳಿದರಂತೆ. ಸುದ್ದಿ ತಿಳಿಸಲು ಬಂದವಳು, "ಅಜ್ಜ, ಕಣ್ಣು ಸುಳ್ಳಲ್ಲ ಅಲ್ವಾ?" ಎಂದಳು. ಸುಳ್ಳೇ ಎಂದೆ. ಅವಳು ಹೋಗದೆ ಅಲ್ಲಿಯೇ ನಿಂತು ಕಾದಳು. ಕಲಿಸಿದ್ದು ಯಾರು? ನಾನೇ. ಒಪ್ಪಿಕೊಳ್ಳದೆ ಬೇರೆ ದಾರಿ ಇರಲಿಲ್ಲ.

ಅವಳು ಶಿರ್ವದ ಕೆಲಸಕ್ಕೆ ಸೇರಿದ ವಾರವೇ ನನ್ನ ಕಣ್ಣಿನ ಪೊರೆ ತೆಗೆದರು. ಸುಮತಿ ಕೈ ಹಿಡಿದು ನನ್ನನ್ನು ಆಸ್ಪತ್ರೆಯಿಂದ ಮನೆಗೆ ಕರೆತಂದಳು. ಬಂದ ಮೇಲೆ, "ನಾನು ಎಷ್ಟು ಸಲ ಕೇಳಿದ್ದೇನೆ, ಎಂತಾಯ್ತು ಅಂತ? ಎಂತ ಇಲ್ಲ ಅಂತ ಎದ್ದು ಹೋಗ್ತಿದ್ರಿ. ಆ ಹುಡುಗಿಗಾದ್ರೆ ಹೇಳ್ಲಿಕ್ಕೆ ಆಯ್ತು. ನಾನೂ ಮಣಿಪಾಲಕ್ಕೆ ಬಂದು ಪರೀಕ್ಷೆ ಕೊಡ್ಬೇಕಿತ್ತಾ?" ಎಂದಳು. ಅವಳ ಕಣ್ಣು ತುಂಬಿತ್ತು. ಒಂದೇ ಕಣ್ಣಿನಲ್ಲಿ ನೋಡಿದರೂ ಸ್ಪಷ್ಟವಾಗಿ ಕಾಣುತ್ತಿತ್ತು.

ಇನ್ನು ಅವಳಲ್ಲಿ ಏನನ್ನೂ ಮುಚ್ಚಿಡಬಾರದೆಂದು ಅಲ್ಲಿಯೇ ತೀರ್ಮಾನಿಸಿದೆ. ಮಾರನೆಯ ದಿನ ಅವಳು ಕಣ್ಣಿಗೆ ಮದ್ದು ಬಿಟ್ಟು, "ಸರಿ ಬಿತ್ತಾ?" ಎಂದು ಪ್ರೀತಿಯಿಂದ ಕೇಳಿದಳು. "ಇಲ್ಲ, ಕೆನ್ನೆಗೆ ಬಿತ್ತು. ಕೈ ಸ್ವಲ್ಪ ನಡುಗುತ್ತದೆ ನಿನಗೆ" ಎಂದು ನಿಜವನ್ನೇ ಹೇಳಿದೆ. ಅಂದಿನಿಂದ ಮದ್ದನ್ನು ನಾನೇ ಬಿಟ್ಟುಕೊಳ್ಳುತ್ತಿದ್ದೇನೆ. ಬಹುಪಾಲು ಮೀಸೆಗೆ ಹೋಗುತ್ತಿದೆ.