ಕಟ್ಟೆ ಕಾಯುವವರು ಬೇಕಾಗಿದ್ದಾರೆ

ಕೆರೆಕಟ್ಟೆ ಅಂದರೆ ಮಣ್ಣು, ಕಲ್ಲು, ನೀರು. ಅದರಲ್ಲಿ ನಗುವಂಥದ್ದು ಏನಿರುತ್ತದೆ ಎಂದು ನನ್ನ ಹೆಂಡತಿ ಆಗಾಗ ಕೇಳುತ್ತಾಳೆ. ಕೇಳಿದ ದಿನವೇ ಸಂಜೆ ನಾನು ಒಂದಾದರೂ ಪ್ರಸಂಗ ಹೊತ್ತುಕೊಂಡು ಮನೆಗೆ ಬಂದಿರುತ್ತೇನೆ. ಅವು ನನ್ನನ್ನು ಹುಡುಕಿಕೊಂಡು ಬರುತ್ತವೋ, ನಮ್ಮ ಕಚೇರಿಯ ವಿಳಾಸವೇ ಹಾಗಿದೆಯೋ, ಗೊತ್ತಿಲ್ಲ.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಸುತ್ತಮುತ್ತಲಿನ ಸಣ್ಣ ದೊಡ್ಡ ಕಟ್ಟೆಗಳ ಸುರಕ್ಷತೆ ನೋಡಲು ಸೇಡಂನ ಒಂದು ಬಾಡಿಗೆ ಮನೆಯಲ್ಲಿ ನಮ್ಮ ಕಚೇರಿ ತೆರೆದರು. ಮಳೆಗಾಲಕ್ಕೆ ಮೊದಲು ಒಮ್ಮೆ, ಮುಗಿದ ಮೇಲೆ ಒಮ್ಮೆ ಪ್ರತಿ ಕಟ್ಟೆಯ ಮೇಲೂ ನಡೆದಾಡಿ, ಎಲ್ಲಿ ಬಿರುಕು, ಎಲ್ಲಿ ಸೋರಿಕೆ ಎಂದು ವರದಿ ಬರೆಯುವುದು ಕೆಲಸ. ನಾನು ಅಲ್ಲಿ ಸಹಾಯಕ ಎಂಜಿನಿಯರ್.

೧. ನಾನೇ ಕೊಟ್ಟ ನೋಟಿಸು

ಮಂಜೂರಾದ ಹುದ್ದೆ ಒಂಬತ್ತು. ಹಾಜರಿದ್ದವರು ಮೂವರು. ಒಬ್ಬರು ನಮ್ಮ ಸಾಹೇಬರು, ಇನ್ನೊಬ್ಬ ನಾನು, ಮೂರನೆಯವರು ನಿವೃತ್ತಿಗೆ ಹತ್ತಿರವಿದ್ದ ವರ್ಕ್ ಇನ್ಸ್‌ಪೆಕ್ಟರ್. ಇವರನ್ನು ನಾವೆಲ್ಲ ಕಾಕಾ ಅನ್ನುತ್ತಿದ್ದೆವು. ಉಳಿದ ಆರು ಖಾಲಿ ಹುದ್ದೆಗಳಿಗೂ ನಾನೇ ಪ್ರಭಾರ. ಭೂವಿಜ್ಞಾನಿ ನಾನು, ನಕಾಶೆ ಬರೆಯುವವನು ನಾನು, ಟಪಾಲು ಗುಮಾಸ್ತನೂ ನಾನು.

ಒಂದು ಕಟ್ಟೆಯ ಮಣ್ಣಿನ ವರದಿ ಕೇಳಿ ಎಂಜಿನಿಯರ್ ಆಗಿ ನಾನು ಭೂವಿಜ್ಞಾನಿಗೆ ಪತ್ರ ಬರೆದೆ. ಭೂವಿಜ್ಞಾನಿ ಆ ವಾರವೆಲ್ಲ ಚಿಂಚೋಳಿ ಕಡೆ ತಿರುಗುತ್ತಿದ್ದುದರಿಂದ ಉತ್ತರ ತಡವಾಯಿತು. ಅಷ್ಟರಲ್ಲಿ ಸಾಹೇಬರು ಮಗಳ ಬಾಣಂತನಕ್ಕೆಂದು ರಜೆ ಹಾಕಿದರು, ಅವರ ಕುರ್ಚಿಯೂ ನನಗೇ ಬಂತು. ಆ ಕುರ್ಚಿಯ ಮೇಲೆ ಕೂತ ಮೊದಲ ದಿನವೇ, ಸದರಿ ಭೂವಿಜ್ಞಾನಿಗೆ ಕಾರಣ ಕೇಳಿ ನೋಟಿಸು ಕೊಡಬಹುದೇ ಎಂಬ ಫೈಲು ಮೇಜಿಗೆ ಬಂತು. ನಿಯಮ ನಿಯಮವೇ. ಸಹಿ ಹಾಕಿದೆ. ಟಪಾಲು ಗುಮಾಸ್ತನಾಗಿ ಅದನ್ನು ದಾಖಲಿಸಿ, ನನಗೇ ತಲುಪಿಸಿ, ಪಡೆದದ್ದಕ್ಕೆ ರುಜು ತಗೊಂಡೆ. ಆಮೇಲೆ ಓದಿದೆ. ‘ಕರ್ತವ್ಯದಲ್ಲಿ ತೀವ್ರ ನಿರ್ಲಕ್ಷ್ಯ’ ಎಂದೆಲ್ಲ ಇತ್ತು. ನಿಜಕ್ಕೂ ಬೇಸರವಾಯಿತು.

“ಯಾಕ್ರಿ ಸರ, ಮಾರಿ ಸಣ್ಣ ಮಾಡೀರಿ?” ಎಂದರು ಕಾಕಾ.

“ನೋಟಿಸ್ ಬಂದದ ಕಾಕಾ.”

“ಯಾರು ಕೊಟ್ಟಾರ್ರಿ?”

“ನಾನೇ.”

ಕಾಕಾ ನನ್ನ ಭುಜದ ಮೇಲೆ ಕೈಯಿಟ್ಟು ಹೇಳಿದರು: “ಮ್ಯಾಲಿನವರು ಹಿಂಗೇ ಇರತಾರ್ರಿ. ಮನಸಿಗಿ ಹಚ್ಕೋಬ್ಯಾಡ್ರಿ.”

೨. ಭೂಕಂಪದ ಡಬ್ಬಿ

ತಪಾಸಣೆ ನಮೂನೆ ನಲವತ್ತು ಪುಟದ್ದು. ಎಲ್ಲೋ ನದಿಗೆ ಅಡ್ಡಲಾಗಿ ಕಟ್ಟಿದ ಮಹಾ ಕಾಂಕ್ರೀಟು ಅಣೆಕಟ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ನಮ್ಮ ಮಣ್ಣಿನ ಕಟ್ಟೆಗೂ ಅದನ್ನೇ ತುಂಬಬೇಕು. ಒಂದೂ ಕಾಲಂ ಖಾಲಿ ಬಿಡುವಂತಿಲ್ಲ.

ವಾಡಿ ಹತ್ತಿರದ ಒಂದು ಕಟ್ಟೆಯ ನಮೂನೆಯನ್ನು, ಅಲ್ಲೇ ಮನೆಯಿದ್ದ ಕಾಕಾ ತುಂಬಿದರು. ‘ಅಣೆಕಟ್ಟಿನ ಒಳಗಿನ ಸುರಂಗದಲ್ಲಿ ಬೆಳಕಿನ ವ್ಯವಸ್ಥೆ ಹೇಗಿದೆ?’ ಎಂಬಲ್ಲಿ, ‘ಸುರಂಗವನ್ನು ಇಲಿಗಳು ಮಾಡಿಕೊಂಡಿವೆ, ಬೆಳಕು ಇಲ್ಲ’ ಎಂದು ಬರೆದರು. ‘ಭೂಕಂಪನ ಅಳೆಯುವ ಉಪಕರಣ ಇದೆಯೇ?’ ಎಂಬಲ್ಲಿ, ‘ಇದೆ. ಕಲ್ಲಿನ ಗಣಿಯಲ್ಲಿ ಮದ್ದು ಹಾರಿಸಿದಾಗ ನಮ್ಮ ಅಡಿಗೆಮನೆ ಹಲಗೆಯ ಮೇಲಿನ ಹಿತ್ತಾಳೆ ಡಬ್ಬಿ ಅಲುಗುತ್ತದೆ’ ಎಂದು ಬರೆದರು. ಸುಳ್ಳಂತೂ ಅಲ್ಲ.

ನಲವತ್ತು ಪುಟವನ್ನು ಯಾರು ಓದುತ್ತಾರೆ ಎಂದು ನಾನು ಹಾಗೇ ಕಳಿಸಿದೆ. ಓದುವವರು ಇದ್ದರು. ಮೇಲಿನ ಕಚೇರಿಯಿಂದ ಪತ್ರ ಬಂತು: ‘ಸದರಿ ಉಪಕರಣದ ತಯಾರಕರು ಯಾರು, ಕೊನೆಯ ಬಾರಿ ಅದನ್ನು ಯಾವಾಗ ಪರೀಕ್ಷಿಸಿ ಸರಿಪಡಿಸಲಾಯಿತು, ತಿಳಿಸುವುದು.’

ಕಾಕಾ ನನ್ನನ್ನು ಕೇಳದೆಯೇ ಉತ್ತರ ಬರೆದು ಹಾಕಿದ್ದರು: ‘ಉಪಕರಣ ನನ್ನ ಮಾವನವರು ಮದುವೆಯಲ್ಲಿ ಕೊಟ್ಟದ್ದು. ಪ್ರತಿ ಅಮಾವಾಸ್ಯೆಗೆ ಹುಣಸೆಹಣ್ಣು ಹಚ್ಚಿ ತಿಕ್ಕಿ ಸರಿಪಡಿಸಲಾಗುತ್ತಿದೆ. ಸದ್ಯ ಅದರಲ್ಲಿ ತೊಗರಿಬೇಳೆ ಇದೆ.’

೩. ಹನ್ನೊಂದು ಫೋನು

ಪತ್ರ ಬರೆದು ಬರೆದು, ಕೊನೆಗೆ ಹೊರಗುತ್ತಿಗೆಯ ಮೇಲೆ ಒಬ್ಬರು ಕಿರಿಯ ಎಂಜಿನಿಯರನ್ನು ತಗೊಳ್ಳಲು ಅನುಮತಿ ಬಂತು. ಸಾಹೇಬರು ಸಂದರ್ಶನಕ್ಕೆ ಇಸ್ತ್ರಿ ಅಂಗಿ ಹಾಕಿಕೊಂಡು ಬಂದರು. ಎಲ್ಲರಿಗೂ ಒಂದೇ ಪ್ರಶ್ನೆ: “ಕಟ್ಟಿ ಹಿಂದ ನೀರು ಜಿನುಗಾಕತ್ತದ. ಏನ್ ಮಾಡತೀರಿ?”

ಬಂದವರೆಲ್ಲ ಒಂದೇ ಉತ್ತರ ಕೊಟ್ಟರು: “ತಕ್ಷಣ ಸಾಹೇಬ್ರಿಗೆ ಫೋನ್ ಹಚ್ಚತೀನ್ರಿ.” ಸಾಹೇಬರಿಗೆ ಸಂತೋಷವಾಗುತ್ತಿತ್ತು.

ಕೊನೆಗೆ ಬಂದದ್ದು ಶಹಾಬಾದ್ ಹತ್ತಿರದ ಭಂಕೂರದ ಒಬ್ಬ ಹುಡುಗಿ. ಕಲ್ಲು ಕಡೆಯುವವರ ಮನೆಯವಳು, ಡಿಪ್ಲೊಮಾ ಮುಗಿಸಿದ್ದಳು. “ಮೊದಲ ತೂಬು ತೆಗಿಸಿ ನೀರು ಇಳಸತೀನ್ರಿ. ಕೆಳಗಿನ ಊರಿಗಿ ಹೇಳತೀನಿ. ಆಮ್ಯಾಲ ನಿಮಗ ಫೋನ್ ಹಚ್ಚತೀನ್ರಿ,” ಎಂದಳು.

“ಮೊದಲ ಯಾಕ ಹಚ್ಚಲ್ಲ?”

“ಸಂದರ್ಶನ ಯಾವಾಗದ ಅಂತ ಕೇಳ್ಲಾಕ ಹನ್ನೊಂದು ಸಲ ಹಚ್ಚೀನ್ರಿ ಸರ. ನೀವು ಒಮ್ಮಿನೂ ಎತ್ತಿಲ್ಲ.”

ಆಗಲೇ ಸಾಹೇಬರ ಫೋನು ರಿಂಗಾಯಿತು. ಮರ್ಯಾದೆಯ ಪ್ರಶ್ನೆ, ಗಬಕ್ಕನೆ ಎತ್ತಿದರು. ಕಾಲರ್ ಟ್ಯೂನ್ ಬದಲಿಸುತ್ತೀರಾ ಎಂದು ಕಂಪನಿಯ ಹೆಣ್ಣುದನಿ ಕೇಳುತ್ತಿರುವುದು ನಮಗೆಲ್ಲ ಕೇಳಿಸಿತು. ಇಡಲೂ ಆಗದೆ ಒಪ್ಪಲೂ ಆಗದೆ ಸಾಹೇಬರು ಗಂಭೀರವಾಗಿ, “ನಿಮ್ಮ ಮನವಿ ಪರಿಶೀಲನೆಯಲ್ಲಿದೆ,” ಎಂದರು.

ಹುಡುಗಿಯನ್ನು ಅಂದೇ ಆರಿಸಿದೆವು.

೪. ಶಾಸನ

ಅವಳ ಮೊದಲ ಕೆಲಸ ಚಿತ್ತಾಪುರ ತಾಲೂಕಿನಲ್ಲಿ, ಹಳೆಯ ಶಾಸನಗಳು ಸಿಕ್ಕ ಸನ್ನತಿ ಕಡೆಯ ಒಂದು ಹಳ್ಳಿಯ ಕಟ್ಟೆ. ಏರಿಯ ತುಂಬ ಜಾಲಿ ಕಂಟಿ. ಅದರ ಬೇರು ಒಳಹೊಕ್ಕು ಮಣ್ಣು ಸಡಿಲಾಗುತ್ತದೆ, ಕಡಿಸಿ ಎಂದು ನಾವು ಬರೆಯುತ್ತಲೇ ಇದ್ದೆವು. ಟೆಂಡರ್ ಎಲ್ಲೋ ಸಿಕ್ಕಿಕೊಂಡಿತ್ತು. ಹುಡುಗಿ ಕಂಟಿಯ ನಡುವೆ ನುಸುಳಿ, ನಾಲ್ಕು ಕಡೆ ಸುಣ್ಣದ ಗೆರೆ ಎಳೆದು, ಒಂದು ಮೊಳ ಅಗೆಸಿ ಮಣ್ಣು ನೋಡಿದಳು. ಆ ಸೀಮೆಯಲ್ಲಿ ಸುಣ್ಣದ ಗೆರೆ ಎಳೆದು ಅಗೆಯುವವರು ಅಂದರೆ ಹಳೆಯ ಕಾಲದ ಕುರುಹು ಹುಡುಕುವವರು. ಊರಲ್ಲಿ ಸುದ್ದಿಯಾಯಿತು.

ಮರುದಿನ ಬೆಳಿಗ್ಗೆ ಹಳ್ಳಿಯ ಹಿರಿಯರೊಬ್ಬರ ಫೋನು. “ಮೇಡಂ, ಶಾಸನ ಸಿಕ್ಕದ. ಜಲ್ದಿ ಬರ್ರಿ.”

ಹೋಗಿ ನೋಡಿದರೆ ಇಡೀ ಊರು ಗುದ್ದಲಿ ಕೊಡಲಿ ಹಿಡಿದು ಏರಿಯ ಮೇಲಿತ್ತು. ಕಂಟಿ ಒಂದೂ ಉಳಿದಿರಲಿಲ್ಲ. ನಡುವೆ ಗೆರೆ, ಅಂಕಿ ಕೆತ್ತಿದ ಒಂದು ಕಲ್ಲು. ಅದು ನಮ್ಮ ಇಲಾಖೆಯವರೇ ಹಿಂದೊಮ್ಮೆ ನೀರಿನ ಮಟ್ಟ ಅಳೆಯಲು ನೆಟ್ಟ ಕಲ್ಲು. ಎಷ್ಟೋ ವರದಿಗಳಲ್ಲಿ ‘ಕಾಣೆಯಾಗಿದೆ’ ಎಂದು ನಾನೇ ಬರೆದಿದ್ದೆ. ಹುಡುಗಿ ನಿಜ ಹೇಳಿ ಎಲ್ಲರಿಗೂ ಕೈಮುಗಿದಳು. ಹಿರಿಯರು ಬೇಸರ ಮಾಡಿಕೊಳ್ಳಲಿಲ್ಲ. “ಇರಲಿ ಬಿಡ್ರಿ, ನಮ್ಮ ಅಪ್ಪನ ಕಾಲದ್ದು ಅದ. ಅದೂ ಹಳೇದೇ,” ಎಂದರು.

ಆದರೆ ನಾವು ತಲುಪುವ ಮೊದಲೇ ಯಾರೋ ಅದನ್ನು ತೊಳೆದು ಕುಂಕುಮ ಹಚ್ಚಿ ಊದುಬತ್ತಿ ಸಿಕ್ಕಿಸಿ ಆಗಿತ್ತು. ಈಗ ಆ ಕಟ್ಟೆಯಲ್ಲಿ ನೀರಿನ ಮಟ್ಟ ಓದಬೇಕಾದರೆ ಚಪ್ಪಲಿ ಬಿಟ್ಟು ಹೋಗಬೇಕು.

೫. ಹಸಿರು ಹುಲ್ಲು

ಇದರಲ್ಲಿ ನಗು ಆಮೇಲೆ ಬಂತು. ಮೊದಲು ಬಂದದ್ದು ನಡುಕ.

ಚಿಂಚೋಳಿ ತಾಲೂಕು, ಕೊಡ್ಲಿಯಿಂದ ಮುಂದೆ ಒಂದು ಸಣ್ಣ ಕೆರೆ. ಅದರ ಕೆಳಗೇ ಊರು. ಮಿರಗದ ಮಳೆ, ಅಂದರೆ ಮೃಗಶಿರಾ ಮಳೆ, ಜೋರಾಗಿ ಬಿದ್ದು ಕೆರೆ ಅರ್ಧ ತುಂಬಿತ್ತು. ನಾನು ಮತ್ತು ಹುಡುಗಿ ಏರಿಯ ಮೇಲೆ ನಡೆಯುತ್ತಿದ್ದೆವು. ಕೆಳಗಿನ ಇಳಿಜಾರಿನಲ್ಲಿ ವಯಸ್ಸಾದ ಒಬ್ಬ ಹೆಣ್ಣುಮಗಳು ಆಡು ಮೇಯಿಸುತ್ತಿದ್ದಳು. ಹುಡುಗಿ ಸುಮ್ಮನೆ ಮಾತಾಡಿಸಿದಳು.

“ಯವ್ವಾ, ಇಡೀ ಗುಡ್ಡ ಬಿಟ್ಟು ಇಲ್ಲೇ ಯಾಕ ಮೇಸ್ಲಾಕತ್ತಿ?”

“ಇಲ್ಲಿ ಹುಲ್ಲ ಬ್ಯಾಸಿಗ್ಯಾಗೂ ಹಸರೇ ಇರತದವ್ವ. ಒಳಗ ನೀರ ಅದ. ಮೊದಲ ತಿಳಿ ಬರ್ತಿತ್ತು. ಮೂರು ದಿನ ಆಯ್ತು, ಕೆಂಪ ಬರ್ಲಿಕತ್ತದ.”

ಹುಡುಗಿ ನನ್ನ ಮುಖ ನೋಡಿದಳು. ತಿಳಿನೀರು ಜಿನುಗಿದರೆ ಕಾಯಬಹುದು. ಕೆಂಪು ನೀರು ಅಂದರೆ ಕಟ್ಟೆಯ ಮಣ್ಣೇ ಕರಗಿ ಹೊರಗೆ ಬರುತ್ತಿದೆ ಎಂದರ್ಥ. ಹುಲ್ಲು ಸರಿಸಿ ನೋಡಿದೆವು. ಹೆಬ್ಬೆರಳ ಗಾತ್ರದ ತೂತಿನಿಂದ ಕೆಂಪು ನೀರು ಸಣ್ಣಗೆ ಹರಿಯುತ್ತಿತ್ತು.

ಅವಳು ಸಂದರ್ಶನದಲ್ಲಿ ಹೇಳಿದ ಕ್ರಮದಲ್ಲೇ ನಡೆದುಕೊಂಡಳು. ತೂಬು ತೆಗೆಸಿದಳು, ಊರಿಗೆ ಹೇಳಿಸಿದಳು, ಆಮೇಲೆ ಸಾಹೇಬರಿಗೆ ಫೋನು. ಸಾಹೇಬರು ಮೊದಲ ರಿಂಗಿಗೇ ಎತ್ತಿದರು. ಊರವರು ಟ್ರ್ಯಾಕ್ಟರಿನಲ್ಲಿ ಉಸುಕು, ಜಲ್ಲಿಕಲ್ಲಿನ ಕಡಿ ತಂದರು. ತೂತಿನ ಮೇಲೆ ಮೊದಲು ಉಸುಕು, ಅದರ ಮೇಲೆ ಸಣ್ಣ ಕಡಿ, ಆಮೇಲೆ ದಪ್ಪ ಕಡಿ ಹಾಕಿ, ನೀರು ಬಂದರೂ ಮಣ್ಣು ಬಾರದಂತೆ ಮಾಡಿದೆವು. ಹೊತ್ತು ಇಳಿಯುವಷ್ಟರಲ್ಲಿ ನೀರು ತಿಳಿಯಾಯಿತು. ಕಟ್ಟೆ ಉಳಿಯಿತು.

ಮರುದಿನ ಹಳೆಯ ವರದಿಗಳನ್ನು ತೆಗೆದು ನೋಡಿದೆ. ಆ ಜಾಗದ ಬಗ್ಗೆ ನಾನೇ, ನನ್ನ ಕೈಯಾರೆ, ವರ್ಷ ವರ್ಷವೂ ಬರೆದಿದ್ದೆ: ‘ಇಳಿಜಾರಿನಲ್ಲಿ ಹಸಿರು ಹುಲ್ಲು ಸಮೃದ್ಧವಾಗಿದೆ. ತೃಪ್ತಿಕರ.’

ಸಾಹೇಬರು ಬೈಯಲಿಲ್ಲ. ನಲವತ್ತು ಪುಟದ ನಮೂನೆಯನ್ನು ಮುಂದಿಟ್ಟುಕೊಂಡು ಕೂತು, ಹೊಡೆದು ಹಾಕಿ ಹಾಕಿ, ಮಣ್ಣಿನ ಕಟ್ಟೆಗಳಿಗೆಂದೇ ಎರಡು ಪುಟಕ್ಕೆ ಇಳಿಸಿದರು. ಮೇಲಿನವರೂ ಒಪ್ಪಿದರು. ಅದರ ಮೊದಲ ಪ್ರಶ್ನೆ ಹೀಗಿದೆ: ‘ಆಡು ಮೇಯಿಸುವವರನ್ನು ಮಾತಾಡಿಸಲಾಗಿದೆಯೇ? ಇಲ್ಲದಿದ್ದರೆ ಮುಂದಿನ ಪ್ರಶ್ನೆಗಳನ್ನು ತುಂಬಬೇಕಾಗಿಲ್ಲ.’

೬. ಮುಳುಗಿದವರು

ಅದೇ ಊರಿನಲ್ಲಿ ಕೆಲವು ತಿಂಗಳ ಮೇಲೆ ಅಣಕು ಕಾರ್ಯಾಚರಣೆ ಇಟ್ಟೆವು. ಕಟ್ಟೆ ಒಡೆದಿದೆ ಎಂದು ಭಾವಿಸಿ ಡಂಗುರ ಸಾರುವುದು, ಊರವರೆಲ್ಲ ದಿಬ್ಬದ ಮೇಲಿನ ಶಾಲೆಗೆ ಏರುವುದು. ತಲೆ ಎಣಿಸುವ ಕೆಲಸವನ್ನು ಆ ಆಡಿನ ಯವ್ವನಿಗೇ ವಹಿಸಿದೆವು. ದಿನಾ ಸಂಜೆ ಆಡು ಎಣಿಸುವವಳು, ಲೆಕ್ಕ ತಪ್ಪುವುದಿಲ್ಲ. ಬರೆದುಕೊಳ್ಳಲು ಪಕ್ಕದಲ್ಲಿ ನಮ್ಮ ಹುಡುಗಿ.

ಸಾಹೇಬರು, ಕಾಕಾ, ನಾನು ಮೂವರೂ ಕೆಳಗಿನ ಚಾವಡಿಯ ಜಗಲಿಯ ಮೇಲೆ ಗಡಿಯಾರ ಹಿಡಿದು ಕೂತೆವು. ಡಂಗುರ ಬಿತ್ತು. ಜನ ಕೂಸು ಕುನ್ನಿ ಎತ್ತಿಕೊಂಡು ಸರಸರನೆ ಏರಿದರು. ಕೋಳಿ ಸಹ ಉಳಿಯಲಿಲ್ಲ. ಸಾಹೇಬರು ಮೆಚ್ಚಿಕೊಂಡು, ಚಹಾ ಮುಗಿಸಿ, ನಿಧಾನಕ್ಕೆ ದಿಬ್ಬ ಏರಿದರು. ಹಿಂದೆ ನಾವಿಬ್ಬರು.

ಯವ್ವ ಬಾಗಿಲಲ್ಲೇ ತಡೆದಳು. “ಊರ ಮಂದಿ ಬರೋಬರ್ ಅದ. ಮೂರು ಮಂದಿ ನೀರಾಗ ಹ್ವಾದರು.”

“ಯಾರ್ಯಾರು?” ಎಂದರು ಸಾಹೇಬರು, ಗಾಬರಿಯಿಂದ.

“ನೀವು, ಈ ಸಣ್ಣ ಸಾಹೇಬ್ರು, ಈ ಕಾಕಾ.”

“ಯವ್ವಾ, ನಾವು ನೋಡ್ಲಾಕ ಬಂದೋರು. ವೀಕ್ಷಕರು.”

“ಅದು ನೀರಿಗಿ ಹ್ಯಾಂಗ ತಿಳೀಬೇಕ್ರಿ?”

ಇಡೀ ಶಾಲೆ ನಕ್ಕಿತು. ಸಾಹೇಬರು ಪ್ರಾಮಾಣಿಕ ಮನುಷ್ಯ. ಇದ್ದದ್ದನ್ನು ಇದ್ದ ಹಾಗೆ ಬರಿ ಎಂದು ಹುಡುಗಿಗೆ ಹೇಳಿದರು. ಅವಳು ಬರೆದಳು: ‘ಮುಳುಗಿದವರು ಮೂವರು. ಮೂವರೂ ಇಲಾಖೆಯ ಸಿಬ್ಬಂದಿ.’ ಕೆಳಗೆ ನಮ್ಮ ಹುದ್ದೆಗಳ ಹೆಸರು.

ವರದಿಯನ್ನು ಸ್ಕ್ಯಾನ್ ಮಾಡಿ ಮೇಲಕ್ಕೆ ಕಳಿಸಿದ್ದು ಟಪಾಲು ಗುಮಾಸ್ತನಾದ ನಾನು. ಅವಸರದಲ್ಲಿ ‘ಅಣಕು ಕಾರ್ಯಾಚರಣೆ’ ಎಂದು ಬರೆದಿದ್ದ ಮೊದಲ ಪುಟ ಯಂತ್ರದಲ್ಲೇ ಉಳಿದುಬಿಟ್ಟಿತ್ತು.

ಖಾಲಿ ಹುದ್ದೆ ತುಂಬಿ ಎಂದು ನಾವು ಬರೆದ ಪತ್ರಗಳಿಗೆ ಲೆಕ್ಕವಿಲ್ಲ. ಈಗ ವಾರ ಕಳೆಯುವುದರೊಳಗೆ ಮೂವರು ಆದೇಶ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಒಬ್ಬ ಅಧಿಕಾರಿ, ಒಬ್ಬಾಕೆ ಸಹಾಯಕ ಎಂಜಿನಿಯರ್, ಒಬ್ಬ ವರ್ಕ್ ಇನ್ಸ್‌ಪೆಕ್ಟರ್. ಮೂವರ ಮುಖದಲ್ಲೂ ದುಃಖ. ಚಪ್ಪಲಿಯನ್ನು ಹೊರಗೇ ಬಿಟ್ಟಿದ್ದರು.

“ಯಾರ ಜಾಗಕ್ಕ ಬಂದೀರಿ?” ಎಂದು ಸಾಹೇಬರು ಕೇಳಿದರು.

ಬಂದ ಅಧಿಕಾರಿ ದನಿ ತಗ್ಗಿಸಿ, “ಇಲ್ಲಿನ ಸಾಹೇಬ್ರು ಕೆಲಸದ ಮ್ಯಾಲಿದ್ದಾಗ ನೀರಾಗ ಹ್ವಾದರಂತಲ್ರಿ. ಅವರ ಜಾಗಕ್ಕ. ಭಾಳ ಚಲೋ ಮನಷ್ಯಾ ಇದ್ದರಂತ,” ಎಂದರು.

“ಹೌದೇನ್ರಿ,” ಎಂದರು ಸಾಹೇಬರು. “ಕುಂದ್ರಿ, ಚಹಾ ಕುಡೀರಿ. ನಾನೇ ಅವ.”

ಬಂದವರನ್ನು ವಾಪಸು ಕಳಿಸಲು ಯಾರಿಗೂ ಮನಸ್ಸಾಗಲಿಲ್ಲ. ಮೂವರೂ ಕೆಲಸ ಬಲ್ಲವರು. ನಡೆದದ್ದನ್ನೆಲ್ಲ ವಿವರಿಸಿ, ತಪ್ಪೊಪ್ಪಿಕೊಂಡು, ಬಂದವರನ್ನು ನಮ್ಮ ಖಾಲಿ ಹುದ್ದೆಗಳಲ್ಲೇ ಇರಿಸಿಕೊಳ್ಳಲು ಅಪ್ಪಣೆ ಕೊಡಿ ಎಂದು ಸಾಹೇಬರು ಬರೆದರು. ಹದಿನೈದು ದಿನಕ್ಕೆ ಉತ್ತರ ಬಂತು. ಹೊಸ ಎಂಜಿನಿಯರ್ ಮೇಡಂ ಅವರೇ ಎಲ್ಲರಿಗೂ ಕೇಳುವ ಹಾಗೆ ಓದಿದರು.

‘ಒಂದು: ಸದರಿ ಮೂವರನ್ನು ಖಾಲಿ ಹುದ್ದೆಗಳಲ್ಲಿ ಮುಂದುವರಿಸಲು ಅನುಮತಿಸಿದೆ. ಎರಡು: ಮುಳುಗಿದ್ದಾರೆಂದು ವರದಿಯಾದ ಮೂವರು ಸಿಬ್ಬಂದಿ ಜೀವಂತವಾಗಿರುವುದಕ್ಕೆ ಘಟನೋತ್ತರ ಮಂಜೂರಾತಿ ನೀಡಿದೆ. ಮೂರು: ಮುಂದೆ ಹೀಗಾಗದಂತೆ ಎಚ್ಚರ ವಹಿಸತಕ್ಕದ್ದು.’

ಕಾಕಾ ಕನ್ನಡಕ ತೆಗೆದು ಒರೆಸಿಕೊಳ್ಳುತ್ತ ಕೇಳಿದರು:

“ಮುಂದ ಯಾವುದು ಆಗಬಾರದಂತ್ರಿ ಸರ, ಮುಳುಗೋದೋ, ಬದುಕೋದೋ?”