ದುಂಡು ಬಾವಿಯಲ್ಲಿ ಐವತ್ತು ಮೀಟರ್

ಭಾನುವಾರ, ಮೇ 11, ಬೆಳಗ್ಗೆ 6 ಗಂಟೆ 20 ನಿಮಿಷಕ್ಕೆ ಇದನ್ನು ಬರೆಯಲು ಕೂತಿದ್ದೇನೆ.

ನ್ಯಾಮತಿ ತಾಲ್ಲೂಕಿನಲ್ಲಿ ಈಜು ಬಲ್ಲವರು ಬೇಕಾದಷ್ಟು ಜನ ಇರಬಹುದು. ಆದರೆ ಈಜುತ್ತಾ ಈಜುತ್ತಾ ದಾರಿ ತಪ್ಪಿಸಿಕೊಂಡವರು ನನ್ನ ಸೋದರಮಾವ ಒಬ್ಬರೇ!

ಮಾವನಿಗೆ ನಲವತ್ತಾರು. ಸವಳಂಗದಲ್ಲಿ ಪಂಪ್‌ಸೆಟ್ ಮೋಟಾರಿಗೆ ತಂತಿ ಸುತ್ತುವ ಅಂಗಡಿ. ಎರಡು ವರ್ಷದ ಹಿಂದೆ ದಾವಣಗೆರೆಯಲ್ಲಿ ಹಿರಿಯರಿಗೂ ಈಜು ಸ್ಪರ್ಧೆ ಇದೆ ಎಂದು ಯಾರೋ ಹೇಳಿದ್ದೇ ತಡ, ಐವತ್ತು ಮೀಟರನ್ನು ಒಂದು ನಿಮಿಷದೊಳಗೆ ಮುಗಿಸುವ ಹಟ ಹಿಡಿಯಿತು. ಹಲ್ಲುಜ್ಜಿದ ಸಮಯವನ್ನೂ ಡೈರಿಯಲ್ಲಿ ಬರೆಯುವ ನನ್ನ ಕೈಗೆ ಸ್ಟಾಪ್‌ವಾಚ್ ಬಂತು.

ಅಭ್ಯಾಸಕ್ಕೆ ಕೊಳ ಎಲ್ಲಿದೆ? ಗೆಳೆಯರ ತೋಟದ ದುಂಡು ಬಾವಿಯೇ ಗತಿ. ಅಂಚಿಗೆ ಹಗ್ಗ ಹಿಡಿದು ಅಳೆದೆವು. ಒಂದು ಸುತ್ತಿಗೆ ಇಪ್ಪತ್ತೈದು ಮೀಟರ್, ಎರಡು ಸುತ್ತಿಗೆ ಐವತ್ತು. ಲೆಕ್ಕ ಚೊಕ್ಕ! ಬರದ ಸೀಮೆ ಜಗಳೂರಿನಿಂದ ಮಾವನನ್ನು ಮದುವೆಯಾಗಿ ಬಂದ ಅತ್ತೆ ಮಾತ್ರ ಮೊದಲ ದಿನವೇ ಅಂದರು, "ನಮ್ಮೂರಾಗೆ ಬಾವಿ ಇರಾದು ಇಣುಕಿ ನೋಡಾಕೆ. ಇಳಿಯಾಕಲ್ಲ ಕಣ್ರೀ."

ಒಂದು ವರ್ಷ ಮಾವ ಎಡಕ್ಕೇ ಸುತ್ತಿದರು. ಮೊದಲ ಸ್ಪರ್ಧೆಯಲ್ಲಿ ಸೀಟಿ ಊದಿದರು, ಮಾವ ಹಾರಿದರು. ದೇಹಕ್ಕೆ ನೇರ ಎಂಬುದೇ ಮರೆತಿತ್ತು. ಎಡಕ್ಕೆ ಬಾಗಿದರು, ಸಾಲುಗಳ ನಡುವಿನ ಹಗ್ಗದ ಕೆಳಗೆ ನುಸುಳಿದರು, ನಾಲ್ಕನೇ ಸಾಲಿನಲ್ಲಿ ಹಾರಿದವರು ಮೂರನೇ ಸಾಲಿನಲ್ಲಿ ಎದ್ದರು! ಆ ಸಾಲಿನ ಯಜಮಾನರು ಬೆಚ್ಚಿ, "ಯಾರ್ರೀ ನೀವು?" ಎಂದರೆ ಇವರು ಶಾಂತವಾಗಿ, "ಸವಳಂಗದೋರು" ಎಂದರು. ನನ್ನ ಡೈರಿಯಲ್ಲಿದೆ: ಸಮಯ, ಇಲ್ಲ. ಸಾಲು, ಎರಡು.

ಮರುದಿನದಿಂದ ಒಂದು ಸುತ್ತು ಎಡಕ್ಕೆ, ಒಂದು ಸುತ್ತು ಬಲಕ್ಕೆ. ಸಮಯ ಒಂದು ನಿಮಿಷ ಹನ್ನೆರಡು ಸೆಕೆಂಡಿಗೆ ಇಳಿಯಿತು. ಅಷ್ಟರಲ್ಲಿ ಹೊನ್ನಾಳಿಯ ಕ್ಷೌರದ ಅಂಗಡಿಯಲ್ಲಿ ಯಾರೋ, "ಕೂದಲು ನೀರನ್ನ ಹಿಡಿದು ಎಳಿತೈತ್ರೀ" ಅಂದರಂತೆ. ಇಪ್ಪತ್ತು ವರ್ಷದ ಮೀಸೆ ಅಲ್ಲೇ ಹೋಯಿತು! ಬಾಗಿಲು ತೆರೆದ ಅತ್ತೆ, "ಅಂಗಡಿ ಹತ್ರ ಹೋಗ್ರಿ, ಅವರು ಅಲ್ಲಿದಾರೆ" ಎಂದು ಬಾಗಿಲು ಹಾಕಿಕೊಂಡರು. ಮೀಸೆಯಿಂದ ಉಳಿದದ್ದು ಅರ್ಧ ಸೆಕೆಂಡು.

ಈ ವರ್ಷ ಮಾವ ಚನ್ನಗಿರಿಯ ಚಹಾದಂಗಡಿಯಲ್ಲಿ ಗೆಳೆಯರೆದುರು ಗ್ಲಾಸು ಕುಕ್ಕಿ ಶಪಥ ಮಾಡಿದರು. "ಈ ಸಲ ನಿಮಿಷದೊಳಗೆ ಬರದಿದ್ರೆ ಸ್ಪರ್ಧೆಗೆ ಇದೇ ಕೊನೆ!" ನನಗೆ ಭಯವಿರಲಿಲ್ಲ. ಬಾವಿಯಲ್ಲಿ ಎಷ್ಟೋ ಸಲ ಐವತ್ತೆಂಟಕ್ಕೆ ಮುಗಿಸಿದ್ದರು.

ಕಳೆದ ಭಾನುವಾರ ಅತ್ತೆಯೂ ಮೊದಲ ಬಾರಿಗೆ ದಾವಣಗೆರೆಗೆ ಬಂದರು. ಮಾವ ಗೆರೆ ಎಳೆದಂತೆ ನೇರ ಹೋದರು. ಇನ್ನು ಹತ್ತೇ ಮೀಟರ್. ಆಗ ಮೆಟ್ಟಿಲ ಮೇಲಿದ್ದ ಅತ್ತೆಯ ಕಡೆ ಒಮ್ಮೆ ಮುಖ ತಿರುಗಿಸಿದರು ನೋಡಿ! ಒಂದು ನಿಮಿಷ, ಎರಡು ಸೆಕೆಂಡು.

ವಾಪಸು ಬಸ್ಸಿನಲ್ಲಿ ಅತ್ತೆ ಮುಂದಿನ ಸೀಟಿನಲ್ಲಿ ನಿದ್ದೆ ಹೋದರು. ಎಲ್ಲಿ ತಪ್ಪಿತೆಂದು ನಾನು ಡೈರಿ ಬಿಚ್ಚಿ ಕೂಡಿದೆ, ಭಾಗಿಸಿದೆ. ಈ ವರ್ಷ ಬಾವಿಗೆ ಇಳಿದದ್ದು ನೂರಾಹನ್ನೆರಡು ದಿನ. ಅತ್ತೆ ಬಾವಿಕಟ್ಟೆಗೆ ಬರದ ದಿನಗಳ ಸರಾಸರಿ ಐವತ್ತೆಂಟು ಸೆಕೆಂಡು. ಬಂದು ಕೂತ ನಲವತ್ತೊಂದು ದಿನಗಳದ್ದು ಅರವತ್ತನಾಲ್ಕು!

"ಮಾವ, ಇದು ಹೆಂಗೆ?"

ಮಾವ ಇಲ್ಲದ ಮೀಸೆ ಸವರಿಕೊಂಡರು. "ಬೇಗ ಮುಗಿಸಿದ್ರೆ ಎದ್ದು ಹೋಗ್ತಾಳೆ ಕಣವ್ವಾ. ಮನ್ಯಾಗೆ ಯಾವತ್ತಾದ್ರೂ ನಿಮ್ಮತ್ತೆ ಸುಮ್ನೆ ಕೂತಿದ್ದು ನೋಡಿಯೇನು? ಅಲ್ಲಿ ಅಷ್ಟೊತ್ತಾದ್ರೂ ಕೂರ್ತಾಳೆ."

"ಮತ್ತೆ ಇವತ್ತು?"

"ಮರೆತು ಅವಳ ಕಡಿ ನೋಡಿಬಿಟ್ಟೆ. ಕೈ ತಾನೇ ನಿಧಾನ ಆತು. ರೂಢಿ."

ಶಪಥದಂತೆ ಸ್ಪರ್ಧೆ ಮುಗಿಯಿತು. ಆದರೆ ಈಗ, ನಾನು ಇದನ್ನು ಬರೆಯುತ್ತಿರುವಾಗ, ಮಾವ ಬಾವಿಯಲ್ಲಿದ್ದಾರೆ. ಅತ್ತೆ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂತು ಏನೋ ಹೇಳಿ ನಗುತ್ತಿದ್ದಾರೆ. ಎರಡು ಸುತ್ತಿಗೆ ಇವತ್ತು ನಾಲ್ಕು ನಿಮಿಷ ಹತ್ತು ಸೆಕೆಂಡು. ನನ್ನ ಡೈರಿಯಲ್ಲಿ ಇದಕ್ಕಿಂತ ಕೆಟ್ಟ ಸಮಯ ಇಲ್ಲ.

ಹೆಂಡತಿ ಎದುರಿಗೆ ಕೂತಿದ್ದರೂ ನಿಮಿಷದೊಳಗೆ ಈಜಿ ಮುಗಿಸುವ ಉಪಾಯ ಬಲ್ಲವರು ಯಾರಾದರೂ ಇದ್ದರೆ ದಯವಿಟ್ಟು ನನಗೆ ಬರೆದು ತಿಳಿಸಿ. ಬರೆದಿಟ್ಟುಕೊಳ್ಳುತ್ತೇನೆ. ಮಾವನಿಗೆ ಮಾತ್ರ ತೋರಿಸುವುದಿಲ್ಲ.