ಬಾಗಿಲ ಬುಡದ ಮೂರು ತೂತು

ನೀರಿನ ವಿಷಯದಲ್ಲಿ ನನಗೆ ಬುದ್ಧಿ ಹೇಳುವವರು ಕಟ್ಟೆಮಳಲವಾಡಿಯಲ್ಲಿ ಯಾರೂ ಇರಲಿಲ್ಲ. ನಾಲೆಯ ಕೆಳಗೆ ನಾಲ್ಕು ಎಕರೆ ಗದ್ದೆ ಮಾಡಿದವನು ನಾನು. ಯಾವ ಬದುವಿನಲ್ಲಿ ಏಡಿ ಬಿಲ ಕೊರೆದಿದೆ, ಯಾವ ಮೂಲೆಯಲ್ಲಿ ನೀರು ನಿಂತು ಪೈರು ಕೊಳೆಯುತ್ತಿದೆ ಎಂದು ದೂರದಿಂದಲೇ ಹೇಳಬಲ್ಲೆ. ಹೆಚ್ಚಾದ ನೀರು ಬಸಿಯಲು ಮಡೆ ಬಿಡದ ಆಳುಗಳನ್ನು ಬೈದು ಬೈದು ನನ್ನ ಗಂಟಲು ಒಡೆದಿದೆ. ಅಂಥವನ ಕಾರಿನೊಳಕ್ಕೆ ಮಳೆನೀರು ನುಗ್ಗಿತು ಎಂದರೆ ಅದಕ್ಕೆ ಎಷ್ಟು ಧೈರ್ಯ ಇರಬೇಕು!

ಕಾರು ಯಾಕೆ ಬಂತು ಎಂದು ಮೊದಲು ಹೇಳಬೇಕು. ನನ್ನ ಒಬ್ಬಳೇ ತಂಗಿ ಸಾಕಮ್ಮನನ್ನು ಹೆಗ್ಗಡದೇವನಕೋಟೆ ದಾರಿಯ ಒಂದು ಹಳ್ಳಿಗೆ ಕೊಟ್ಟಿದ್ದೆವು. ನಮ್ಮೂರಿಂದ ಹತ್ತು ಹನ್ನೆರಡು ಮೈಲಿ. ಗೌರಿ ಹಬ್ಬಕ್ಕೆ ಹೆಣ್ಣುಮಗಳನ್ನು ತವರಿಗೆ ಕರೆತರುವುದು ಅಣ್ಣನ ಕೆಲಸ. ಕಾರು ಕೊಳ್ಳುವುದಕ್ಕೆ ಎರಡು ವರ್ಷ ಮುಂಚೆ ನಾನು ಎತ್ತಿನ ಗಾಡಿಗೆ ಮಳೆ ತಡೆಯುವ ಕಮಾನು ಕಟ್ಟದೆ ಹೊರಟಿದ್ದೆ. "ಮಳೆ ಬರಾಕಿಲ್ಲ ಬುಡು" ಎಂದಿದ್ದೆ. ಬಂತು. ತಂಗಿ ನೆನೆದು, ಹಬ್ಬ ಪೂರ್ತಿ ಜ್ವರದಲ್ಲಿ ಮಲಗಿ, ಕಡ್ಡಿಯಾಗಿ ಗಂಡನ ಮನೆಗೆ ಹೋದಳು.

ಅವಳ ಅತ್ತೆ ದೊಡ್ಡತಾಯಮ್ಮ ಹೆಚ್ಚು ಮಾತಿನ ಹೆಂಗಸಲ್ಲ. "ಇನ್ ಮ್ಯಾಲೆ ಮಳೆಗಾಲ್ದಾಗೆ ನಿನ್ ಜೊತೆ ಕಳ್ಸಾಕಿಲ್ಲ ಕಣಪ್ಪ. ಒಂದ್ ಅನೀನೂ ಬೀಳ್ದಂಗೆ ಕರ್ಕಂಡೋಗೋ ಯೋಗ್ತೆ ಬಂದಾಗ ಬಾ" ಎಂದಳು. ಅಷ್ಟೇ. ಮರುವರ್ಷ ಸಾಕಮ್ಮ ಬರಲಿಲ್ಲ. ಅಮ್ಮ ಮೊರದಲ್ಲಿ ಬಾಗಿನ ಜೋಡಿಸಿ, ಅದರ ಮುಂದೆ ಸುಮ್ಮನೆ ಕೂತಿದ್ದು, ಊಟ ಮಾಡದೆ ಎದ್ದುಹೋದಳು. ಆ ದಿನ ನನಗಾದ ಸಂಕಟ ಮಾತ್ರ ನಗುವ ವಿಷಯವಲ್ಲ.

ಆದ್ದರಿಂದ ಕಾರು ಕೊಂಡೆ. ಕೊಡಗಿನ ಕಾಫಿ ತೋಟದವರೊಬ್ಬರು ಓಡಿಸಿ ಬಿಟ್ಟದ್ದು. ತಗಡಿನ ಮಾಡು, ನಾಲ್ಕು ಬಾಗಿಲು, ಹಿಡಿ ತಿರುಗಿಸಿದರೆ ಏರುವ ಇಳಿಯುವ ಗಾಜು. ಹಬ್ಬಕ್ಕೆ ಎಂಟು ದಿನ ಇರುವಾಗ ದೊಡ್ಡತಾಯಮ್ಮನಿಗೆ ಹೇಳಿ ಕಳಿಸಿದೆ: ಯೋಗ್ಯತೆ ಬಂದಿದೆ, ನಾನೂ ಬರುತ್ತಿದ್ದೇನೆ!

ಮಾರನೆಯ ದಿನ ಹೆಂಡತಿ ಪುಟ್ಟಮ್ಮನನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಹುಣಸೂರಿನ ಸಂತೆಗೆ ಹೋಗಿ ಬರುತ್ತಿದ್ದೆ. ಮಳೆ ಹಿಡಿಯಿತು.

"ಏನ್ರೀ, ಕಾಲು ತಣ್ಣಗಾಯ್ತಾ ಅವೆ."

"ಮೋಟಾರಲ್ಲಿ ಗಾಳಿ ಆಡ್ತದೆ ಕಣೆ."

"ಗಾಳಿಗೆ ಸೀರೆ ನೆನೆಯಾಕಿಲ್ಲ ಕಣ್ರೀ!"

ಇಳಿದು ನೋಡಿದೆ. ಎಡಗಡೆಯ ಹಿಂದಿನ ಬಾಗಿಲ ಹತ್ತಿರ ಬೊಗಸೆ ನೀರು. ತಂಗಿ ಕೂರಬೇಕಾದ ಜಾಗವೇ ಅದು.

ತನಿಖೆಯನ್ನು ಕ್ರಮವಾಗಿ ಆರಂಭಿಸಿದೆ. ನಾನು ಬಾಗಿಲು, ಗಾಜು ಎಲ್ಲ ಮುಚ್ಚಿಕೊಂಡು ಒಳಗೆ ಕೂತು ನೀರು ಬರುವ ದಾರಿ ನೋಡುವುದು, ಪುಟ್ಟಮ್ಮ ಹೊರಗಿನಿಂದ ಕೊಡಪಾನದಲ್ಲಿ ಸುರಿಯುವುದು. ಮೂರನೆಯ ಕೊಡಕ್ಕೆ ಅವಳು ಏನೋ ಕೂಗಿದಳು. ಗಾಜಿನೊಳಗೆ ಕೇಳಲಿಲ್ಲ. "ಏನಂದೆ?" ಎಂದು ಗಾಜು ಇಳಿಸಿದೆ. ಅವಳು ಕೂಗಿದ್ದು "ಉಯ್ತೀನಿ" ಎಂದಂತೆ. ಉಯ್ದೇಬಿಟ್ಟಳು! ಆ ಒಂದು ಕೊಡದ ನೀರು ಯಾವ ದಾರಿಯಲ್ಲಿ ಬಂತು ಎಂಬುದರ ಬಗ್ಗೆ ನನಗೆ ಸಂಶಯ ಉಳಿಯಲಿಲ್ಲ.

ಎರಡನೆಯ ದಿನ ಇನ್ನೂ ಸೂಕ್ಷ್ಮವಾದ ಉಪಾಯ ಮಾಡಿದೆ. ಬಾಗಿಲ ಒಳ ಅಂಚಿಗೆಲ್ಲ ರಾಗಿ ಹಿಟ್ಟು ಉದುರಿಸುವುದು. ಎಲ್ಲಿ ಹಿಟ್ಟು ಮೊದಲು ನೆನೆಯುತ್ತದೋ ಅಲ್ಲಿ ನೀರಿನ ದಾರಿ!

"ಅರ್ಧ ಸೇರು ಇಟ್ಟು ಕಾರಿಗಾ? ಮುದ್ದೆ ಉಣ್ತದಾ ಅದು?" ಎಂದಳು ಪುಟ್ಟಮ್ಮ.

ನೀರು ಸುರಿದ ಮೇಲೆ ಮುದ್ದೆ ಅಲ್ಲ, ಅಂಬಲಿ ಆಯಿತು. ನಾನು ನೋಡಲು ಬಾಗಿಲು ತೆರೆದದ್ದೇ ತಡ, ಮನೆಯ ಕೋಳಿಗಳೆಲ್ಲ ಒಳಗೆ ಹತ್ತಿದವು. ಅವು ಇಳಿಯುವ ಹೊತ್ತಿಗೆ ಸೀಟಿನ ಮೇಲೆ ಸಾಕ್ಷಿಯೂ ಇರಲಿಲ್ಲ, ಮರ್ಯಾದೆಯೂ ಇರಲಿಲ್ಲ.

ಆದರೂ ಕೋಳಿ ಹತ್ತುವಷ್ಟರಲ್ಲೇ ಒಂದು ಸುಳಿವು ಸಿಕ್ಕಿತ್ತು. ಹಿಟ್ಟು ಹೆಚ್ಚು ಕಲಸಿಹೋಗಿದ್ದು ಬಾಗಿಲ ಬುಡದಲ್ಲಿ. ನೆಲದ ಮೇಲೆ ಅಂಗಾತ ಮಲಗಿ ಬಾಗಿಲ ಅಡಿಯನ್ನು ನೋಡಿದೆ. ಅಲ್ಲಿ ಸಾಲಾಗಿ ಮೂರು ಕಡೆ ಕೊಡಗಿನ ಕೆಮ್ಮಣ್ಣು ಗಟ್ಟಿಯಾಗಿ ಕೂತಿತ್ತು. ಗೋಣಿ ಹೊಲಿಯುವ ದಬ್ಬಣ ತರಿಸಿ ಕೆದಕಿದೆ. ಮಣ್ಣು ಉದುರಿತು. ಮೂರು ತೂತು! ಅವುಗಳಿಂದ ನನ್ನ ಮುಖದ ಮೇಲೆಯೇ ನೀರು ಸುರಿಯಿತು.

"ಸಿಕ್ಕಿಬಿದ್ದ ಕಳ್ಳ!" ಎಂದು ಕೂಗಿದೆ. "ನೋಡೆ, ಇಲ್ಲಿಂದ್ಲೇ ನೀರು ಬತ್ತಾ ಇರೋದು. ಪಾಪ, ಆ ತೋಟದವ್ರು ಬರೀ ಮಣ್ಣು ಮೆತ್ತಿ ಬುಟ್ಟವ್ರೆ. ಮಣ್ಣಲ್ಲಿ ನೀರು ನಿಂತದಾ?"

ಪುಟ್ಟಮ್ಮ ಬಗ್ಗಿ ನೋಡಿದಳು. "ನೀರು ಒರಕ್ಕೆ ಓಯ್ತಾ ಅದಲ್ರೀ, ಒಳಕ್ಕೆ ಬತ್ತಾ ಇಲ್ವಲ್ಲ?"

"ಓಗೋ ದಾರೀಲೇ ಬತ್ತದೆ ಕಣೆ. ಕಳ್ಳ ಬರಾಕೊಂದು ಓಗಾಕೊಂದು ಬಾಗ್ಲು ಮಡಿಕಂಡಿರ್ತಾನಾ?"

ನಾನು ಆಗಲೇ ಅರಗು ಕರಗಿಸಲು ಕೂತಿದ್ದೆ. ನಾಲ್ಕು ಬಾಗಿಲಿಗೆ ಮೂರು ಮೂರರಂತೆ ಹನ್ನೆರಡು ತೂತಿಗೂ ಹಳೆಯ ಬಟ್ಟೆ ತುರುಕಿ ಅರಗು ಹೊಯ್ದೆ. ಕೆಳಗಿನ ಸಂದುಗಳಿಗೂ ಎಲ್ಲೂ ಬಿಡದಂತೆ ಬಳಿದೆ. ಪರೀಕ್ಷೆಗೆ ಎರಡು ಕೊಡ ಸುರಿಸಿದೆ. ಒಳಗೆ ಒಂದು ಹನಿ ಇಲ್ಲ! ಅಮ್ಮನನ್ನು ಕರೆದು ತೋರಿಸಿದೆ. ಅವಳು ಒಣಗಿದ ಸೀಟನ್ನು ಕೈಯಿಂದ ಸವರಿ, "ಈ ಸಲ ಮಗಳು ಬತ್ತಾಳೆ" ಎಂದು ಅಲ್ಲಿಯೇ ಕಣ್ಣೊರೆಸಿಕೊಂಡಳು.

ಹಬ್ಬದ ಹಿಂದಿನ ದಿನ ಕೋಟು, ರುಮಾಲು ಧರಿಸಿ ಒಬ್ಬನೇ ಹೊರಟೆ. ಹಿಂದೆ ಬಾಳೆಗೊನೆ, ಹತ್ತಾರು ತೆಂಗಿನಕಾಯಿ. ಹುಣಸೂರು ದಾಟುತ್ತಲೇ ಮಳೆ ಶುರುವಾಯಿತು. ಸಣ್ಣ ಮಳೆಯಲ್ಲ, ಎದುರಿನ ಎತ್ತು ಕಾಣದಂಥ ಮಳೆ. ನಾನು ಗಂಭೀರವಾಗಿ ನಗುತ್ತಾ ಓಡಿಸಿದೆ. ಸ್ವಲ್ಪ ದೂರ ಹೋದ ಮೇಲೆ ಗುಳುಗುಳು ಸದ್ದು ಕೇಳಿತು. ಇಂಜಿನ್ನು ಎಂದುಕೊಂಡೆ. ಒಂದು ತಿರುವಿನಲ್ಲಿ ಪಕ್ಕದ ಬಾಗಿಲು ನನ್ನ ತೊಡೆಯ ಮೇಲೆ ಎರಡು ಬೊಗಸೆ ನೀರು ಚೆಲ್ಲಿತು. ಗಾಜು ಸರಿಯಾಗಿ ಏರಿಲ್ಲ ಎಂದುಕೊಂಡೆ. ಕಾಲು ತಣ್ಣಗಾಯಿತು. ಗಾಳಿ ಎಂದುಕೊಂಡೆ! ಮನುಷ್ಯನಿಗೆ ತನ್ನ ಕೈಕೆಲಸದ ಮೇಲೆ ನಂಬಿಕೆ ಇರಬೇಕು, ಆದರೆ ಇಷ್ಟು ಇರಬಾರದು.

ತಂಗಿಯ ಮನೆ ಮುಂದೆ ಕಾರು ನಿಲ್ಲಿಸಿದಾಗ ಮಳೆ ಸ್ವಲ್ಪ ಬಿಟ್ಟಿತ್ತು. ಸಾಕಮ್ಮ ಹೊಸ ಸೀರೆಯುಟ್ಟು, ಬಟ್ಟೆಯ ಗಂಟು ಹಿಡಿದು ಜಗಲಿಯ ಮೇಲೆ ನಿಂತಿದ್ದಳು. ಬೆಳಗಿನಿಂದ ಹಾಗೆಯೇ ನಿಂತಿದ್ದಳಂತೆ. ದೊಡ್ಡತಾಯಮ್ಮ ಇಳಿದು ಬಂದಳು.

"ಒಳ್ಗೆ ಎಂಗದೆ ನೋಡಾನ ತಡಿ."

"ಧಾರಾಳವಾಗಿ ನೋಡಿ ಅತ್ತೆಮ್ಮ" ಎಂದು, ಎಡಗಡೆಯ ಹಿಂದಿನ ಬಾಗಿಲನ್ನು ಠೀವಿಯಿಂದ ತೆರೆದೆ.

ನೆಂಟರು ಬಂದರೆ ಮನೆಯವರು ಕಾಲಿಗೆ ನೀರು ಕೊಡುವುದು ನಮ್ಮ ಪದ್ಧತಿ. ಅಂದು ನೆಂಟನೇ ಮನೆಯವರ ಕಾಲಿಗೆ ನೀರು ಕೊಟ್ಟ! ಮೊಣಕಾಲುದ್ದದ ನೀರು ಧೋ ಎಂದು ದೊಡ್ಡತಾಯಮ್ಮನ ಪಾದದ ಮೇಲೆ ಹರಿಯಿತು. ಅದರ ಹಿಂದೆ ತೆಂಗಿನಕಾಯಿಗಳು ಒಂದೊಂದಾಗಿ ತೇಲಿಕೊಂಡು ಬಂದು ಅಂಗಳಕ್ಕೆ ಉರುಳಿದವು.

ದೊಡ್ಡತಾಯಮ್ಮ ಬಾಗಿಲಿನ ಹೊಟ್ಟೆಯನ್ನು ಬೆರಳಿನಿಂದ ತಟ್ಟಿದಳು. ತುಂಬಿದ ಕೊಡದ ಸದ್ದು ಬಂತು. ಕುಡುಗೋಲು ತರಿಸಿ, ಬಗ್ಗಿ, ಅದರ ಮೊನೆಯಿಂದ ಅರಗನ್ನು ಕಿತ್ತಳು. ಮೂರು ತೂತಿನಿಂದಲೂ ನೀರು ಚಿಮ್ಮಿತು.

"ಇದ್ನ ಮುಚ್ದೋರ್ಯಾರಪ್ಪ?"

"ನಾನೇ."

"ಗದ್ದೆ ಎಷ್ಟು ಮಾಡೀಯೆ?"

"ನಾಲ್ಕೆಕ್ರೆ."

"ಅಲ್ಲೂ ಇಂಗೇ ಮಡೆ ಮುಚ್ಕಂಡೇ ಮಾಡೀಯಾ?"

ಆಗ ನನಗೆ ಎಲ್ಲವೂ ತಿಳಿಯಿತು. ಗಾಜಿನ ಮೇಲೆ ಬಿದ್ದ ಮಳೆ ಬಾಗಿಲಿನ ಹೊಟ್ಟೆಗೆ ಇಳಿಯುತ್ತದೆ. ಅದು ಹೊರಗೆ ಹೋಗಲೆಂದೇ ಆ ತೂತುಗಳನ್ನು ಇಟ್ಟಿದ್ದರು. ಮಣ್ಣು ಕಟ್ಟಿಕೊಂಡಿದ್ದರಿಂದ ನೀರು ತುಂಬಿ ಒಳಕ್ಕೆ ಚೆಲ್ಲುತ್ತಿತ್ತು. ಎರಡು ಕೊಡ ನೀರಿಗೆ ಬಾಗಿಲ ಹೊಟ್ಟೆ ತುಂಬಿರಲಿಲ್ಲ, ಅದನ್ನೇ ನಾನು ಗೆಲುವು ಎಂದುಕೊಂಡಿದ್ದೆ. ಅಂದರೆ ದಬ್ಬಣದಿಂದ ಮಣ್ಣು ಕಿತ್ತ ಮೇಲೆ, ಅರಗು ಹಾಕುವುದಕ್ಕೆ ಮುಂಚೆ, ಕೊಂಚ ಹೊತ್ತು ನನ್ನ ಕಾರು ಸರಿಯಾಗಿಯೇ ಇತ್ತು! ಆಗ ನಾನು ಕೈ ತೊಳೆದುಕೊಂಡು ಮಲಗಿದ್ದರೆ ಸಾಕಿತ್ತು.

ಸಾಕಮ್ಮ ಗಂಟನ್ನು ಜಗಲಿಯ ಮೇಲಿಟ್ಟಳು. "ಅಮ್ಮ ಕಾಯ್ಕಂಡು ಕೂತವ್ಳೆ ಅತ್ತೆಮ್ಮ" ಎಂದೆ.

ದೊಡ್ಡತಾಯಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಪಂಚೆ ಸೊಂಟದವರೆಗೆ ನೆನೆದಿತ್ತು. ಆಕೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಭುಜ ಕುಲುಕಿತು. ಆ ಹೆಂಗಸು ನಗುವುದನ್ನು ಅದುವರೆಗೆ ನಾನು ಕಂಡಿರಲಿಲ್ಲ.

"ತಂಗಿ ಮ್ಯಾಲೆ ಆಸೆ ಇಲ್ದೋನು ಇಷ್ಟು ನೀರಲ್ಲಿ ಕೂತ್ಕಂಡು ಬತ್ತಿರ್ಲಿಲ್ಲ ಬುಡು" ಎಂದಳು. ಆಮೇಲೆ ಕೊಟ್ಟಿಗೆಯ ಕಡೆ ತಿರುಗಿ, "ಏಯ್, ನಮ್ ಕಮಾನು ಗಾಡಿ ಕಟ್ರಲಾ!" ಎಂದು ಕೂಗಿದಳು.

ಹೀಗೆ ನಮ್ಮ ಮೆರವಣಿಗೆ ಹೊರಟಿತು. ಮುಂದೆ ದೊಡ್ಡತಾಯಮ್ಮನ ಕಮಾನು ಗಾಡಿ, ಅದರಲ್ಲಿ ಬೆಚ್ಚಗೆ ಸಾಕಮ್ಮ. ಹಿಂದೆ, ಎತ್ತಿನ ನಡಿಗೆಯಲ್ಲಿ, ತೊಪ್ಪೆಯಾದ ಸೀಟಿನ ಮೇಲೆ ನಾನು. ಮಳೆ ಮತ್ತೆ ಬಂದಾಗ ತಂಗಿ ಗಾಡಿಯ ಹಿಂದಿನಿಂದ ಇಣುಕಿ, "ಅಣ್ಣಾ, ನೆಂದೋಯ್ತೀಯೆ, ನೀನೂ ಗಾಡಿಗೆ ಬಾ" ಎಂದಳು. ಹೋಗಲಿಲ್ಲ. ಕಾರು ಇದ್ದವನಿಗೆ ಒಂದು ಘನತೆ ಇರುತ್ತದಲ್ಲ!

ಕತ್ತಲಾಗುವ ಮೊದಲು ಊರು ಸೇರಿದೆವು. ಮಗಳ ಸೆರಗು ಒಣಗಿರುವುದನ್ನು ಅಮ್ಮ ಮುಟ್ಟಿ ಮುಟ್ಟಿ ನೋಡಿದಳು. ಎರಡು ವರ್ಷದ ಮೇಲೆ ಆ ಹಬ್ಬದಲ್ಲಿ ಹೊಟ್ಟೆತುಂಬ ಉಂಡಳು. ಅವಳು ಉಣ್ಣುವುದನ್ನು ನೋಡುತ್ತಾ ಸೀನುತ್ತಿದ್ದ ನನಗೂ ತೃಪ್ತಿಯಾಯಿತು.

ಮರುವರ್ಷ ಹಬ್ಬ ಹತ್ತಿರ ಬಂದಾಗ ಕಾರಿನ ಹನ್ನೆರಡು ತೂತನ್ನೂ ಶುದ್ಧ ಮಾಡಿ, ಎಷ್ಟು ಮಳೆ ಬಂದರೂ ನೀರು ಹೊರಗೇ ಹರಿಯುವಂತೆ ಮಾಡಿ, ಕೋಟು ತೊಟ್ಟು ಸಿದ್ಧನಾದೆ. ಅಷ್ಟರಲ್ಲಿ ದೊಡ್ಡತಾಯಮ್ಮನ ಕಡೆಯಿಂದ ಆಳು ಬಂದ. ಆಕೆ ಹೇಳಿ ಕಳಿಸಿದ ಮಾತನ್ನು ಅಂಗಳದಲ್ಲಿ ನಿಂತು, ಎಲ್ಲರಿಗೂ ಕೇಳುವಂತೆ ಒಪ್ಪಿಸಿದ:

"ಪ್ರತಿ ಅಬ್ಬಕ್ಕೂ ಸೊಸೇನ ನಾವೇ ಗಾಡೀಲಿ ಕಳುಸ್ತೀವಿ, ಬ್ಯಾಡ ಅನ್ನಾಕಿಲ್ಲ. ಅಣ್ಣ ಮಾತ್ರ ಕರಿಯಾಕ್ ಬರಬಾರ್ದಂತೆ."

ಅಮ್ಮ ಕೈಮುಗಿದು ಒಪ್ಪಿದಳು. ಪುಟ್ಟಮ್ಮ ಒಪ್ಪಿದಳು. ನನ್ನನ್ನು ಯಾರೂ ಕೇಳಲಿಲ್ಲ. ಅಂದಿನಿಂದ ನಮ್ಮ ಮನೆಯಲ್ಲಿ ಗೌರಿ ಹಬ್ಬ ಒಂದು ವರ್ಷವೂ ತಪ್ಪಿಲ್ಲ. ನಾನು ಅಣ್ಣನ ಕರ್ತವ್ಯವನ್ನು ಅಂಗಳ ದಾಟದೆ, ಬಹಳ ನಿಷ್ಠೆಯಿಂದ ಮಾಡುತ್ತಿದ್ದೇನೆ.